ರಾಜೋಳಿಯಲ್ಲೊಂದು ಮಕ್ಕಳ ಪುಸ್ತಕದ ಹಬ್ಬ ಮಾಡುವುದಾದರೆ

ಮನೆಯಲ್ಲಿ ಅಜ್ಜಿಯ ಸಂಗಡ ಕನ್ನಡ, ಓಣಿಯಲ್ಲಿ ಗೆಳೆಯರ ಸಂಗಡ ತೆಲುಗು, ಶಾಲೆಯ ಪುಸ್ತಕದಲ್ಲಿ ತೆಲುಗು ಇಲ್ಲವೇ ಇಂಗ್ಲಿಷ್. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಹೀಗೆ ಬೆಳೆಯುವ ಮಕ್ಕಳು ಎಷ್ಟೋ ಮಂದಿ. ಕನ್ನಡದಲ್ಲಿ ಹಟ ಹಿಡಿಯುತ್ತಾರೆ, ಜಗಳವಾಡುತ್ತಾರೆ, ಹಾಡುತ್ತಾರೆ. ಕನ್ನಡದ ಅಕ್ಷರ ಮಾತ್ರ ಅವರಿಗೆ ಓದಲು ಬಾರದು. ಅಜ್ಜಿ ಹೇಳುವಂಥ ಕತೆಗಳು ಅಚ್ಚಿನಲ್ಲೂ ಇವೆ, ಅವುಗಳಿಗೆ ಬಣ್ಣದ ಚಿತ್ರ ಬರೆಯುವವರಿದ್ದಾರೆ, ಆ ಲೇಖಕರೂ ಚಿತ್ರಕಾರರೂ ನಮ್ಮ ಹಾಗೆಯೇ ಬಸ್ಸು ಹತ್ತಿ ಊರಿಗೆ ಬರಬಲ್ಲ ಮನುಷ್ಯರು ಎಂಬುದನ್ನು ಅವರಿಗೆ ತೋರಿಸಿದವರು ಕಡಿಮೆ.

ಮಕ್ಕಳ ಪುಸ್ತಕಗಳಿಗಾಗಿಯೇ ನಡೆಯುವ ಹಬ್ಬಗಳು ನಮ್ಮ ದೇಶಕ್ಕೆ ಹೊಸವಲ್ಲ. ದೆಹಲಿಯಲ್ಲಿ 2008ರಲ್ಲಿ ‘ಬುಕರೂ’ ಶುರುವಾಯಿತು. ಆಮೇಲೆ ಬೇರೆ ಊರುಗಳಿಗೂ ಹೋಯಿತು. ಬೆಂಗಳೂರಿನ ಸಾಹಿತ್ಯ ಉತ್ಸವದಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಅಂಗಳವಿದೆ. ಕರ್ನಾಟಕದ ಹಳ್ಳಿಗಳಲ್ಲಿ ಭಾರತ ಜ್ಞಾನ ವಿಜ್ಞಾನ ಸಮಿತಿಯವರು ಗ್ರಾಮ ಪಂಚಾಯಿತಿಗಳ ಜೊತೆ ಸೇರಿ ‘ಮಕ್ಕಳ ಸಾಹಿತ್ಯ ಸಂಭ್ರಮ’ ನಡೆಸಿದಾಗ ಮಕ್ಕಳೇ ಕೂತು ಕತೆ, ಕವಿತೆ, ನಾಟಕ ಕಟ್ಟಿದರು. ಇವುಗಳಲ್ಲಿ ತೆಲಂಗಾಣದ ಗದ್ವಾಲ ಸೀಮೆಯ ರಾಜೋಳಿಯಂಥ ಊರಿಗೆ ಹತ್ತಿರವಾದ ಮಾದರಿ ಈ ಕೊನೆಯದು. ದೊಡ್ಡ ಶಾಮಿಯಾನ, ಪ್ರಾಯೋಜಕರು, ಟಿಕೆಟ್ಟು ಯಾವುದೂ ಇಲ್ಲದೆ ಶಾಲೆಯ ಅಂಗಳದಲ್ಲಿ ಎರಡು ದಿನ ನಡೆಸಬಹುದಾದ ಹಬ್ಬ ಅದು. ಊರಿನ ಶಿಕ್ಷಕರು, ಯುವಕ ಸಂಘದವರು, ನಾಲ್ಕಾರು ತಾಯಂದಿರು ಸೇರಿ ಅದನ್ನು ಹೇಗೆ ಮಾಡಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಈ ಮಣ್ಣಿನಲ್ಲಿ ಕನ್ನಡದ ಹಬ್ಬವೇಕೆ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರಲಿ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋಗಿ ಮಹಬೂಬನಗರ ಜಿಲ್ಲೆಯ ಪಾಲಾದವು. ಆಲಂಪುರದ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು. ಅಲ್ಲಿನ ಶಾಸನಗಳಲ್ಲಿ ಕನ್ನಡವೂ ಇದೆ. ನಾರಾಯಣಪೇಟೆ ಸೀಮೆಯ ಕೃಷ್ಣಾ ಮಂಡಲದ ಊರುಗಳಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ. ಹಾಗೆಂದು ಇದನ್ನು ಕನ್ನಡದ ಹಬ್ಬ ಮಾತ್ರವೆಂದು ಮಾಡಬೇಡಿ. ತೆಲುಗು ಪುಸ್ತಕಗಳಿಗೂ ಅದೇ ಚಾಪೆಯ ಮೇಲೆ ಜಾಗವಿರಲಿ. ಹಾಗಾದಾಗಲೇ ಮುಖ್ಯೋಪಾಧ್ಯಾಯರಿಗೆ, ಊರಿನವರಿಗೆ, ಮುಖ್ಯವಾಗಿ ಮಕ್ಕಳಿಗೆ ಇದು ತಮ್ಮದು ಅನ್ನಿಸುವುದು.

ಯಾವ ತಿಂಗಳು, ಯಾವ ಜಾಗ

ಮಕ್ಕಳ ಪುಸ್ತಕಕ್ಕೆಂದು ಜಗತ್ತು ಇಟ್ಟುಕೊಂಡ ದಿನ ಏಪ್ರಿಲ್ 2. ಕತೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹುಟ್ಟಿದ ಆ ದಿನವನ್ನು 1967ರಿಂದ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನವಾಗಿ ಆಚರಿಸುತ್ತಾರೆ. ಆದರೆ ತುಂಗಭದ್ರೆಯ ದಂಡೆಯಲ್ಲಿ ಏಪ್ರಿಲ್ ಎಂದರೆ ಉರಿಬಿಸಿಲು, ಶಾಲೆಗೆ ಪರೀಕ್ಷೆಯ ಕಾಲ. ನಮಗೆ ಹೊಂದುವುದು ನವೆಂಬರ್. 14ಕ್ಕೆ ಮಕ್ಕಳ ದಿನಾಚರಣೆ, 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ತೆಲಂಗಾಣದ ಗ್ರಂಥಾಲಯ ಸಂಸ್ಥೆಗಳು ಆ ವಾರವನ್ನು ಹೇಗೂ ಆಚರಿಸುತ್ತವೆ, ಆದ್ದರಿಂದ ಅವರಿಂದ ಕುರ್ಚಿ, ಮೇಜು, ಒಂದಿಷ್ಟು ತೆಲುಗು ಪುಸ್ತಕ ಕೇಳುವುದು ಸುಲಭ. ಅರ್ಧವಾರ್ಷಿಕ ಪರೀಕ್ಷೆಯೂ ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿದಿರುತ್ತದೆ.

ನವೆಂಬರ್ ಎನ್ನಲು ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಗದ್ವಾಲ ಸೀಮೆ ಹತ್ತಿಬೀಜ ಬೆಳೆಯುವ ಸೀಮೆ. ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸುವ ಕೆಲಸ ಮಳೆಗಾಲದ ತಿಂಗಳುಗಳಲ್ಲಿ ಜೋರಾಗಿರುತ್ತದೆ. ಆ ದಿನಗಳಲ್ಲಿ ತರಗತಿಗಳು ಖಾಲಿಯಾಗುತ್ತವೆ, ಅದರಲ್ಲೂ ಹೆಣ್ಣುಮಕ್ಕಳು ಕಾಣುವುದಿಲ್ಲ. ಆಗಸ್ಟ್‌ನಲ್ಲೋ ಸೆಪ್ಟೆಂಬರ್‌ನಲ್ಲೋ ಹಬ್ಬ ಇಟ್ಟರೆ, ಯಾರಿಗೆ ಪುಸ್ತಕ ತೀರ ಬೇಕೋ ಅವರೇ ಹೊಲದಲ್ಲಿರುತ್ತಾರೆ. ಇದೇ ಕಾರಣಕ್ಕೆ ಭಾನುವಾರವೂ ಬೇಡ. ಶಾಲೆ ನಡೆಯುವ ಶುಕ್ರವಾರ, ಶನಿವಾರ ಇಟ್ಟುಕೊಳ್ಳಿ. ಹಾಜರಿ ಇರುತ್ತದೆ, ಮಧ್ಯಾಹ್ನದ ಊಟದ ವ್ಯವಸ್ಥೆ ಇರುತ್ತದೆ, ಮನೆಯವರೂ ‘ಶಾಲೆಗೆ ಹೋಗಿದ್ದಾನೆ’ ಎಂದು ನಿಶ್ಚಿಂತರಾಗಿರುತ್ತಾರೆ.

ಅನುಮತಿಗಾಗಿ ಆಗಸ್ಟ್ ಕೊನೆಯೊಳಗೆ ಮುಖ್ಯೋಪಾಧ್ಯಾಯರ ಮೂಲಕ ಮಂಡಲ ಶಿಕ್ಷಣಾಧಿಕಾರಿಗೆ ಒಂದು ಪತ್ರ ಕೊಡಿ. ಪತ್ರದಲ್ಲಿ ದಿನಾಂಕ, ಮಕ್ಕಳ ಸಂಖ್ಯೆ, ಬರುವ ಅತಿಥಿಗಳ ಹೆಸರು, ಎರಡೂ ಭಾಷೆಯ ಪುಸ್ತಕ ಇರುತ್ತವೆ ಎಂಬ ಮಾತು, ಇಷ್ಟಿದ್ದರೆ ಸಾಕು.

ಜಾಗ ಶಾಲೆಯ ಅಂಗಳವೇ ಆಗಲಿ. ಹೊಳೆದಂಡೆ ಚೆಂದ ಕಾಣುತ್ತದೆಂದು ಅಲ್ಲಿಗೆ ಹೋಗಬೇಡಿ. ರಾಜೋಳಿಯ ಪಕ್ಕದಲ್ಲೇ ಸುಂಕೇಸುಲ ಬ್ಯಾರೇಜಿದೆ, ನೀರು ಏರಿಳಿಯುತ್ತಿರುತ್ತದೆ. 2009ರ ಅಕ್ಟೋಬರ್‌ನ ಪ್ರವಾಹ ಈ ಊರನ್ನು ಎಷ್ಟು ಕಾಡಿತೆಂದು ಹಿರಿಯರಿಗೆಲ್ಲ ನೆನಪಿದೆ. ನೂರು ಮಕ್ಕಳನ್ನು ನೀರಿನ ಬಳಿ ಕಾಯುವುದು ಯಾರ ಕೈಯಲ್ಲೂ ಆಗುವ ಕೆಲಸವಲ್ಲ.

ಪುಸ್ತಕ ಎಲ್ಲಿಂದ ತರುವುದು

ಹಬ್ಬದ ಜೀವ ಇರುವುದು ಇಲ್ಲಿ. ಅತಿಥಿ ಬರದಿದ್ದರೂ ಹಬ್ಬ ನಡೆದೀತು, ಪುಸ್ತಕ ಕಡಿಮೆಯಾದರೆ ನಡೆಯದು. ನೂರಿಪ್ಪತ್ತು ಮಕ್ಕಳಿದ್ದರೆ ಕನಿಷ್ಠ ನೂರೈವತ್ತು ಪುಸ್ತಕ ಬೇಕು. ಒಂದು ಮುಗಿಸಿ ಇನ್ನೊಂದಕ್ಕೆ ಕೈಚಾಚುವ ಮಗುವಿಗೆ ಕಾಯುವ ಹಾಗೆ ಆಗಬಾರದು.

ಮೊದಲು ಬಿಟ್ಟಿಯಾಗಿ ಸಿಗುವುದನ್ನು ಹೇಳುತ್ತೇನೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಪ್ರಕಾಶನ. ಅವರು 2015ರಲ್ಲಿ ‘ಸ್ಟೋರಿವೀವರ್’ ಎಂಬ ಅಂತರ್ಜಾಲ ತಾಣ ತೆರೆದರು. ಅಲ್ಲಿನ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಇಳಿಸಿಕೊಂಡು, ಮುದ್ರಿಸಿ, ಹಂಚಬಹುದು. ಲೇಖಕರ, ಚಿತ್ರಕಾರರ, ಅನುವಾದಕರ ಹೆಸರನ್ನು ಅಳಿಸದೆ ಇಟ್ಟರಾಯಿತು. ಪುಸ್ತಕಗಳನ್ನು ಓದಿನ ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಒಂದನೆಯ ಹಂತದಲ್ಲಿ ಪುಟಕ್ಕೆ ಒಂದೆರಡು ಸಣ್ಣ ವಾಕ್ಯ, ನಾಲ್ಕನೆಯದು ಸರಾಗವಾಗಿ ಓದುವವರಿಗೆ. ನಮ್ಮ ಗಡಿಸೀಮೆಗೆ ಇದರಲ್ಲಿರುವ ದೊಡ್ಡ ಅನುಕೂಲವೆಂದರೆ, ಒಂದೇ ಕತೆ ಅದೇ ಚಿತ್ರಗಳೊಡನೆ ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತದೆ. ಅಂಥ ಹತ್ತು ಕತೆ ಆರಿಸಿ, ಎರಡೂ ಭಾಷೆಯಲ್ಲಿ ಮುದ್ರಿಸಿ, ಜೋಡಿ ಮಾಡಿ ಇಡಿ. ತೆಲುಗು ಪ್ರತಿ ಓದಿ ಕತೆ ತಿಳಿದುಕೊಂಡ ಮಗು, ಪಕ್ಕದ ಕನ್ನಡ ಪ್ರತಿಯಲ್ಲಿ ಅದೇ ಚಿತ್ರ ನೋಡುತ್ತ ಅಕ್ಷರ ಊಹಿಸತೊಡಗುತ್ತದೆ.

ಊಹಿಸುವುದು ಕಷ್ಟವೂ ಅಲ್ಲ. ಎರಡೂ ಲಿಪಿಗಳು ಒಂದೇ ಬೇರಿನಿಂದ ಕವಲೊಡೆದವು. ತಲಕಟ್ಟು ಬರೆಯುವ ರೀತಿ ಬೇರೆ, ಅದನ್ನು ಬಿಟ್ಟರೆ ಗ, ಜ, ಡ, ದ, ಬ, ಮ, ಯ, ಲ, ವ ಎಲ್ಲ ಹತ್ತಿರ ಹತ್ತಿರ. ಕ, ತ, ಶ ಹೀಗೆ ಕೆಲವನ್ನು ಮಾತ್ರ ಬೇರೆಯಾಗಿ ಕಲಿಸಬೇಕು. ದೊಡ್ಡ ರಟ್ಟಿನ ಒಂದು ಮಗ್ಗುಲಿಗೆ ಕನ್ನಡದ ಅಕ್ಷರ, ಇನ್ನೊಂದು ಮಗ್ಗುಲಿಗೆ ತೆಲುಗಿನ ಅಕ್ಷರ ಬರೆದು ಇಡೀ ವರ್ಣಮಾಲೆಯನ್ನು ಹಗ್ಗಕ್ಕೆ ತೂಗುಹಾಕಿ. ತೆಲುಗು ಓದಬಲ್ಲ ಐದನೇ ತರಗತಿಯ ಮಗು ಎರಡು ದಿನದಲ್ಲಿ ಕನ್ನಡದ ಶೀರ್ಷಿಕೆಗಳನ್ನು ಕೂಡಿಸಿ ಓದತೊಡಗುವುದನ್ನು ನಿರೀಕ್ಷಿಸಬಹುದು.

ಇನ್ನು ಕೊಳ್ಳುವ ಪುಸ್ತಕ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕದ ಮಕ್ಕಳ ಪುಸ್ತಕಗಳು, ಪ್ರಥಮ್ ಅವರ ಅಚ್ಚಾದ ಪ್ರತಿಗಳು, ಇವುಗಳಲ್ಲಿ ಬಹಳಷ್ಟು ನೂರು ರೂಪಾಯಿಯೊಳಗೇ ಸಿಗುತ್ತವೆ. ಚೆನ್ನೈನ ತೂಲಿಕಾ ಪ್ರಕಾಶನದ ಚಿತ್ರಪುಸ್ತಕಗಳು ಬೆಲೆಯಲ್ಲಿ ಸ್ವಲ್ಪ ಹೆಚ್ಚಾದರೂ ಚಿತ್ರಗಳಿಗಾಗಿ ನಾಲ್ಕಾದರೂ ಇರಬೇಕು. ಅವರದು ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ತೆಲುಗು ಮಕ್ಕಳ ಪುಸ್ತಕಕ್ಕೆ ಸಿಕಂದರಾಬಾದಿನ ‘ಮಂಚಿ ಪುಸ್ತಕಂ’ ಒಳ್ಳೆಯ ಜಾಗ. ಧಾರವಾಡದ ಕರ್ನಾಟಕ ಬಾಲವಿಕಾಸ ಅಕಾಡೆಮಿಗೆ, ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಗಡಿ ಶಾಲೆಯ ಹೆಸರಿನಲ್ಲಿ ಪತ್ರ ಬರೆದು ಕೇಳಿನೋಡಿ. ಹೈದರಾಬಾದ್ ಪುಸ್ತಕ ಮೇಳ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುವುದರಿಂದ, ಈ ವರ್ಷದ ಮೇಳದಲ್ಲಿ ಮುಂದಿನ ವರ್ಷದ ಹಬ್ಬಕ್ಕೆ ಕೊಳ್ಳಬಹುದು.

ಆರಿಸುವಾಗ ಒಂದು ಮಾತು ನೆನಪಿಡಿ. ನೀತಿ ಹೇಳಲೆಂದೇ ಬರೆದ ಪುಸ್ತಕ, ಸಾಮಾನ್ಯ ಜ್ಞಾನದ ಪ್ರಶ್ನೋತ್ತರ, ಮಹಾಪುರುಷರ ಎಂಟು ಪುಟದ ಜೀವನಚರಿತ್ರೆ, ಇವನ್ನು ದಾನಿಗಳು ಪ್ರೀತಿಯಿಂದ ಕೊಡುತ್ತಾರೆ. ತೆಗೆದುಕೊಂಡು ಶಾಲೆಯ ಕಪಾಟಿಗೆ ಇಡಿ. ಹಬ್ಬದ ಚಾಪೆಯ ಮೇಲೆ ಮಾತ್ರ ನಗಿಸುವ, ಹೆದರಿಸುವ, ಮುಂದೇನಾಯಿತು ಎಂದು ಕೆರಳಿಸುವ ಕತೆಗಳೇ ಇರಲಿ. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಕಾಲದಿಂದಲೂ ಕನ್ನಡದಲ್ಲಿ ಮಕ್ಕಳಿಗಾಗಿ ಆಟವಾಡುವ ಮನಸ್ಸಿನಿಂದಲೇ ಬರೆದವರಿದ್ದಾರೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಗಟ್ಟಿಯಾಗಿ ಹೇಳಿದರೆ ಅಕ್ಷರ ಬಾರದ ಮಗುವಿಗೂ ಒಂದೇ ಕೇಳಿಗೆ ಹಿಡಿಸುತ್ತವೆ. ಈಚಿನವರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರದ ಪಟ್ಟಿ ನೋಡಿದರೆ ದಾರಿ ಸಿಗುತ್ತದೆ. 2010ರಲ್ಲಿ ಈ ಪುರಸ್ಕಾರ ಶುರುವಾದಾಗ ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿ ಅವರಿಗೆ ಬಂತು. 2021ರಲ್ಲಿ ಬಸು ಬೇವಿನಗಿಡದ, 2022ರಲ್ಲಿ ತಮ್ಮಣ್ಣ ಬೀಗಾರ, 2023ರಲ್ಲಿ ವಿಜಯಶ್ರೀ ಹಾಲಾಡಿ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ, 2025ರಲ್ಲಿ ಬಳ್ಳಾರಿ ಸೀಮೆಯ ಕೆ. ಶಿವಲಿಂಗಪ್ಪ ಹಂದಿಹಾಳು. ಈ ಹೆಸರುಗಳ ಒಂದೊಂದು ಪುಸ್ತಕ ತರಿಸಿದರೂ ಇವತ್ತಿನ ಕನ್ನಡ ಮಕ್ಕಳಿಗಾಗಿ ಏನು ಬರೆಯುತ್ತಿದೆ ಎಂದು ತಿಳಿಯುತ್ತದೆ.

ಪುಸ್ತಕವನ್ನು ಮೇಜಿನ ಮೇಲೆ ಬೆನ್ನು ಕಾಣುವಂತೆ ಜೋಡಿಸಬೇಡಿ. ಮುಖಪುಟ ಎದುರಿಗಿರಲಿ. ಬೇವಿನ ಮರದಿಂದ ಮರಕ್ಕೆ ಮಗುವಿನ ಎದೆಯೆತ್ತರಕ್ಕೆ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ ತೂಗುಹಾಕಿ. ಉಳಿದವನ್ನು ಚಾಪೆಯ ಮೇಲೆ ಹರಡಿ. ‘ಮುಟ್ಟಬೇಡ, ಹರಿದೀತು’ ಎಂಬ ಮಾತು ಆ ಎರಡು ದಿನ ಯಾರ ಬಾಯಿಂದಲೂ ಬರಬಾರದೆಂದು ಸ್ವಯಂಸೇವಕರಿಗೆ ಮೊದಲೇ ಹೇಳಿರಿ. ಹರಿದದ್ದನ್ನು ಅಂಟಿಸಲು ಒಂದು ಮೂಲೆಯಲ್ಲಿ ಅಂಟು, ಟೇಪು ಇಟ್ಟು ಇಬ್ಬರು ದೊಡ್ಡ ಮಕ್ಕಳನ್ನು ‘ಪುಸ್ತಕದ ವೈದ್ಯರು’ ಎಂದು ಕೂರಿಸಿದರೆ ಅದೂ ಒಂದು ಆಟವಾಗುತ್ತದೆ.

ಚಿತ್ರಕಾರರಿಗೆ ಮೊದಲ ಮಣೆ

ಜಗತ್ತಿನ ದೊಡ್ಡ ಮಕ್ಕಳ ಸಾಹಿತ್ಯ ಪ್ರಶಸ್ತಿಯಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯನ್ನು ಲೇಖಕರಿಗೆ ಕೊಡತೊಡಗಿದ್ದು 1956ರಲ್ಲಿ, ಚಿತ್ರಕಾರರಿಗೆ 1966ರಲ್ಲಿ. ಹತ್ತು ವರ್ಷ ತಡ. ಕನ್ನಡದಲ್ಲಂತೂ ಚಿತ್ರಕಾರರ ಹೆಸರು ಮುಖಪುಟದ ಮೇಲೆ ಇಲ್ಲದ ಮಕ್ಕಳ ಪುಸ್ತಕಗಳು ಎಷ್ಟೋ. ಓದಲು ಬಾರದ ಮಗು ಮೊದಲು ಓದುವುದು ಚಿತ್ರವನ್ನೇ. ಅದರಲ್ಲೂ ನಾವು ಯಾರಿಗಾಗಿ ಈ ಹಬ್ಬ ಮಾಡುತ್ತಿದ್ದೇವೋ, ಕನ್ನಡ ಬಲ್ಲ ಆದರೆ ಕನ್ನಡ ಓದಲಾರದ ಆ ಮಗುವಿಗೆ, ಚಿತ್ರದಿಂದಲೇ ಪುಸ್ತಕದ ಬಾಗಿಲು ತೆರೆಯಬೇಕು. ಆದ್ದರಿಂದ ಒಬ್ಬರನ್ನು ಮಾತ್ರ ಕರೆಯಲು ಹಣವಿದ್ದರೆ, ಲೇಖಕರಿಗಿಂತ ಮೊದಲು ಚಿತ್ರಕಾರರನ್ನು ಕರೆಯಿರಿ ಎಂದು ನಾನು ಹೇಳುತ್ತೇನೆ.

ಈ ಸೀಮೆಯಲ್ಲಿ ಚಿತ್ರದಿಂದ ಕತೆ ಹೇಳುವುದು ಹಳೆಯ ವಿದ್ಯೆ. ತೊಗಲುಗೊಂಬೆಯಾಟ ಇತ್ತ ಬಳ್ಳಾರಿ, ಕೊಪ್ಪಳದಲ್ಲೂ ಉಂಟು, ಅತ್ತ ಆಂಧ್ರದಲ್ಲೂ ಉಂಟು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆ ಕಲೆಯ ಕಡೆಗೆ ದೇಶದ ಕಣ್ಣು ಹೊರಳಿತು. ತೊಗಲುಗೊಂಬೆಯವರ ಒಂದು ಮೇಳ ಶುಕ್ರವಾರ ಸಂಜೆ ಆಡಿದರೆ ಊರಿಗೆ ಊರೇ ಬರುತ್ತದೆ.

‘ಚಂದಮಾಮ’ವನ್ನೂ ಮರೆಯಬೇಡಿ. 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾದ ಆ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ವಡ್ಡಾದಿ ಪಾಪಯ್ಯ, ಎಂ.ಟಿ.ವಿ. ಆಚಾರ್ಯ, ಶಂಕರ್ ಅವರ ಚಿತ್ರಗಳನ್ನು ತೆಲುಗು ಮನೆಯ ಮಕ್ಕಳೂ ಕನ್ನಡ ಮನೆಯ ಮಕ್ಕಳೂ ನೋಡಿ ಬೆಳೆದರು. ಹೆಗಲ ಮೇಲೆ ಬೇತಾಳವನ್ನು ಹೊತ್ತ ವಿಕ್ರಮನ ಚಿತ್ರ ಶಂಕರ್ ಅವರದು. ಊರಿನ ಹಿರಿಯರ ಟ್ರಂಕಿನಲ್ಲಿ ಹಳೆಯ ಸಂಚಿಕೆಗಳಿದ್ದರೆ ಕೇಳಿ ತಂದು ಒಂದು ಮೂಲೆಯಲ್ಲಿಡಿ. ಈ ಒಂದು ಮೂಲೆಗೆ ಮಾತ್ರ ಕಾವಲು ಬೇಕು, ಆ ಪ್ರತಿಗಳು ಮತ್ತೆ ಸಿಗುವುದಿಲ್ಲ.

ಚಿತ್ರಕಾರರು ಬಂದರೆ ಭಾಷಣ ಮಾಡಿಸಬೇಡಿ, ಬರೆಯಿಸಿ. ಗೋಡೆಗೆ ಬಿಳಿ ಕಾಗದದ ಉದ್ದನೆಯ ಸುರುಳಿ ಹೊಡೆದು, ಮಕ್ಕಳ ಎದುರಿಗೇ ಒಂದು ಕತೆಯ ಪಾತ್ರವನ್ನು ಅವರು ಗೆರೆಗೆರೆಯಾಗಿ ಕಟ್ಟಲಿ. ಆಮೇಲೆ ಅದೇ ಕಾಗದದ ಮೇಲೆ ಮಕ್ಕಳ ಕೈಗೆ ಇದ್ದಿಲು, ಬಣ್ಣ ಕೊಡಲಿ. ಇಟಲಿಯ ಬೊಲೊನ್ಯಾ ನಗರದಲ್ಲಿ 1964ರಿಂದ ನಡೆಯುವ ಮಕ್ಕಳ ಪುಸ್ತಕ ಮೇಳದಲ್ಲಿ ಚಿತ್ರಕಾರರು ತಮ್ಮ ಕೆಲಸವನ್ನು ಅಂಟಿಸಲೆಂದೇ ಒಂದು ಗೋಡೆ ಬಿಟ್ಟಿರುತ್ತಾರೆ. ರಾಜೋಳಿಯ ಶಾಲೆಯ ಗೋಡೆಗೂ ಆ ಭಾಗ್ಯ ಸಿಗಲಿ.

ರಾಜೋಳಿಯ ಇನ್ನೊಂದು ಸಂಪತ್ತು ಮಗ್ಗ. ಹತ್ತಿಯ ಒಡಲು, ರೇಷ್ಮೆಯ ಅಂಚು ಸೆರಗಿನ ಗದ್ವಾಲ ಸೀರೆ ನೇಯುವ ಮನೆಗಳು ಇಲ್ಲಿವೆ. ಮಾವಿನಕಾಯಿ, ಹಂಸ, ಗೋಪುರ, ರುದ್ರಾಕ್ಷಿ, ಇವೆಲ್ಲ ಸೀರೆಗೆ ಹೋಗುವ ಮೊದಲು ಚೌಕುಳಿ ಕಾಗದದ ಮೇಲೆ ಮನೆ ತುಂಬಿಸಿದ ಚಿತ್ರಗಳಾಗಿರುತ್ತವೆ. ಆ ವಿನ್ಯಾಸ ಬರೆಯುವ ನೇಕಾರರೊಬ್ಬರನ್ನು ಹಬ್ಬದ ಚಿತ್ರಕಾರರ ಪಕ್ಕದಲ್ಲೇ ಕೂರಿಸಿ. ಮಕ್ಕಳಿಗೆ ಗಣಿತದ ಚೌಕುಳಿ ಪುಸ್ತಕದ ಹಾಳೆ ಕೊಟ್ಟು ಒಂದು ಹಂಸವನ್ನು ಮನೆ ತುಂಬಿಸಿ ಬರೆಯಲು ಹೇಳಲಿ. ಬರೆದ ಮೇಲೆ ‘ಈ ಹಂಸ ಸೀರೆಯಿಂದ ಹಾರಿಹೋದರೆ ಎಲ್ಲಿಗೆ ಹೋದೀತು?’ ಎಂದು ಲೇಖಕರು ಕೇಳಲಿ. ಮನೆಯಲ್ಲಿ ಅಪ್ಪ ಮಾಡುವ ಕೆಲಸವೂ ಚಿತ್ರಕಲೆಯೇ ಎಂದು ಆ ಮಕ್ಕಳಿಗೆ ಊರಿನ ಎದುರಿಗೆ ಗೊತ್ತಾಗುವುದು ಸಣ್ಣ ಸಂಗತಿಯಲ್ಲ.

ಲೇಖಕರನ್ನು ಕರೆಯುವಾಗ

ಇಬ್ಬರಿಗಿಂತ ಹೆಚ್ಚು ಅತಿಥಿಗಳು ಬೇಡ. ಒಬ್ಬರು ಕನ್ನಡದವರು, ಒಬ್ಬರು ತೆಲುಗಿನವರು ಆದರೆ ಉತ್ತಮ. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆಯವರಾದರೆ ಮಾತಿನ ಧಾಟಿಯೂ ಮಕ್ಕಳಿಗೆ ಹೊಂದುತ್ತದೆ, ಪ್ರಯಾಣವೂ ಹಗುರ. ರಾಯಚೂರಿನಿಂದ ಗದ್ವಾಲಕ್ಕೆ ರೈಲಿದೆ, ರಸ್ತೆಯಾದರೆ ಐಜ ಮಾರ್ಗ. ಬೆಂಗಳೂರಿನಿಂದ ಬರುವವರಿಗೆ ಕರ್ನೂಲಿನವರೆಗೆ ಬಂದರೆ ಅಲ್ಲಿಂದ ಹತ್ತಿರ. ಪ್ರಯಾಣ, ಊಟ, ವಸತಿಯ ಖರ್ಚನ್ನು ಕೊಡುತ್ತೇವೆಂದು ಮೊದಲ ಪತ್ರದಲ್ಲೇ ಬರೆಯಿರಿ, ಗೌರವಧನ ಎಷ್ಟೆಂದೂ ಬರೆಯಿರಿ. ಮಕ್ಕಳಿಗಾಗಿ ಬರೆಯುವವರಲ್ಲಿ ಹಲವರು ಶಾಲಾ ಶಿಕ್ಷಕರು. ರಜೆ ಹಾಕಿ ಬರಬೇಕಾಗುತ್ತದೆ, ಎರಡು ತಿಂಗಳ ಮುಂಚೆ ತಿಳಿಸಬೇಕು.

ಮೂರು ವಾರ ಮೊದಲೇ ಅವರ ಪುಸ್ತಕಗಳನ್ನು ತರಿಸಿ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಯಾವ ಹಬ್ಬದಲ್ಲೂ ಮಕ್ಕಳು ಸುಮ್ಮನೆ ಕೂತು ಆಕಳಿಸುವುದಕ್ಕೆ ಕಾರಣ ಒಂದೇ, ಎದುರಿಗೆ ಕೂತ ಲೇಖಕರು ಏನು ಬರೆದಿದ್ದಾರೆಂದು ಅವರಿಗೆ ತಿಳಿದಿರುವುದಿಲ್ಲ. ಕತೆ ಮೊದಲೇ ಕೇಳಿದ್ದರೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಆ ನಾಯಿ ಕೊನೆಗೆ ಏಕೆ ಸತ್ತಿತು? ಆ ಹುಡುಗಿ ನಿಮ್ಮ ಮಗಳಾ? ಇಂಥ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ ಡಬ್ಬಿಗೆ ಹಾಕಿಸಿ. ದೊಡ್ಡವರು ಅವನ್ನು ತಿದ್ದಬಾರದು.

ಉದ್ಘಾಟನೆಗೆ ಹದಿನೈದು ನಿಮಿಷ, ಅಷ್ಟೇ. ಸನ್ಮಾನ, ಶಾಲು, ಹಾರ, ವೇದಿಕೆಯ ಮೇಲಿನ ಕುರ್ಚಿಗಳ ಸಾಲು ಈ ಹಬ್ಬಕ್ಕೆ ಬೇಡವೆಂದು ಊರಿನ ಹಿರಿಯರಿಗೆ ಮೊದಲೇ ವಿನಯದಿಂದ ತಿಳಿಸಿ. ಅವರಿಗೆ ಇನ್ನೂ ಒಳ್ಳೆಯ ಪಾತ್ರ ಕೊಡಬಹುದು: ಸರಪಂಚರೋ, ಮಂಡಲ ಶಿಕ್ಷಣಾಧಿಕಾರಿಯೋ ಚಾಪೆಯ ಮೇಲೆ ಕೂತು ಮಕ್ಕಳಿಗೆ ಒಂದು ಚಿತ್ರಪುಸ್ತಕ ಓದಿ ಹೇಳಲಿ. ಅಧಿಕಾರದಲ್ಲಿರುವವರು ಕತೆ ಓದುವುದನ್ನು ಮಕ್ಕಳು ನೋಡಿದರೆ ಓದಿನ ಗೌರವ ತಾನಾಗಿ ಏರುತ್ತದೆ.

ಕೃಷ್ಣಾ ಮಂಡಲದ ಕನ್ನಡ ಶಾಲೆಯಿಂದ ಹತ್ತು ಮಕ್ಕಳು, ಇಬ್ಬರು ಶಿಕ್ಷಕರನ್ನು ಕರೆಸಿಕೊಳ್ಳಲು ಒಂದು ವಾಹನದ ಖರ್ಚು ಹಿಡಿದಿಡಿ. ಅವರು ಕನ್ನಡ ಓದಬಲ್ಲರು, ರಾಜೋಳಿಯ ಮಕ್ಕಳು ಓದಲಾರರು. ದೊಡ್ಡವರು ಓದಿ ಹೇಳುವುದಕ್ಕಿಂತ ತನ್ನ ವಯಸ್ಸಿನ ಹುಡುಗ ಪಕ್ಕದಲ್ಲಿ ಕೂತು ಓದಿದರೆ ಕನ್ನಡ ಓದುವುದು ಕೈಗೆಟುಕುವ ವಿದ್ಯೆ ಅನ್ನಿಸುತ್ತದೆ.

ಆ ಎರಡು ದಿನ

ನೂರಿಪ್ಪತ್ತು ಮಕ್ಕಳನ್ನು ಐದು ಗುಂಪು ಮಾಡಿ, ಗುಂಪಿಗೆ ಒಂದು ಬಣ್ಣದ ರಿಬ್ಬನ್. ಐದು ಮೂಲೆಗಳು: ಓದುವ ಚಾಪೆ, ಚಿತ್ರದ ಗೋಡೆ, ಲೇಖಕರ ಜೊತೆ ಮಾತು, ಪುಸ್ತಕ ಕಟ್ಟುವ ಮೂಲೆ, ಅಜ್ಜಿಯರ ಮೂಲೆ. ಒಂದೊಂದು ಕಡೆ ನಲವತ್ತು ನಿಮಿಷ. ಶಾಲೆಯ ಗಂಟೆ ಹೊಡೆದಾಗ ಗುಂಪು ಮುಂದಿನ ಮೂಲೆಗೆ ಸರಿಯುತ್ತದೆ. ಓದುವ ಚಾಪೆಯಿಂದ ಏಳಲೊಲ್ಲದ ಮಗುವನ್ನು ಮಾತ್ರ ಎಬ್ಬಿಸಬೇಡಿ.

ಪುಸ್ತಕ ಕಟ್ಟುವ ಮೂಲೆಗೆ ಬೇಕಾದ್ದು ಎ4 ಹಾಳೆ ಮತ್ತು ಕತ್ತರಿ. ಹಾಳೆಯನ್ನು ಮೂರು ಸಲ ಅರ್ಧರ್ಧ ಮಡಿಸಿ ಬಿಚ್ಚಿದರೆ ಎಂಟು ಮನೆ ಕಾಣುತ್ತವೆ. ಅಗಲಕ್ಕೆ ಒಮ್ಮೆ ಮಡಿಸಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಉದ್ದ ಕತ್ತರಿಸಿ ಬಿಚ್ಚಿ. ಈಗ ನಡುವೆ ಸೀಳಿದೆ. ಹಾಳೆಯನ್ನು ಉದ್ದಕ್ಕೆ ಮಡಿಸಿ ಎರಡೂ ತುದಿಯಿಂದ ಒಳಕ್ಕೆ ನೂಕಿದರೆ ಸೀಳು ಬಾಯ್ದೆರೆದು ಪುಟಗಳು ಹೊಂದಿಕೊಳ್ಳುತ್ತವೆ. ಅಂಟಿಲ್ಲ, ಹೊಲಿಗೆಯಿಲ್ಲ, ಹೊದಿಕೆಯೂ ಸೇರಿ ಎಂಟು ಪುಟದ ಪುಸ್ತಕ ಸಿದ್ಧ. ಹೊದಿಕೆಯ ಮೇಲೆ ‘ಕತೆ’ ಎಂದು ಒಂದು ಹೆಸರು, ‘ಚಿತ್ರ’ ಎಂದು ಒಂದು ಹೆಸರು ಕಡ್ಡಾಯ. ಇಬ್ಬರು ಗೆಳೆಯರು ಸೇರಿ ಒಂದು ಪುಸ್ತಕ ಮಾಡಿದರೆ ಲೇಖಕರು, ಚಿತ್ರಕಾರರು ಒಟ್ಟಿಗೆ ಹೇಗೆ ಕೆಲಸ ಮಾಡುತ್ತಾರೆಂಬುದು ಕೈಯಿಂದಲೇ ತಿಳಿಯುತ್ತದೆ.

ಅಜ್ಜಿಯರ ಮೂಲೆ ಈ ಹಬ್ಬದ ಹೃದಯ. ಕನ್ನಡ ಮಾತಾಡುವ ಮನೆಗಳಿಂದ ನಾಲ್ಕೈದು ಅಜ್ಜಿಯರನ್ನು, ಅವ್ವಂದಿರನ್ನು ಕರೆದು ಕೂರಿಸಿ. ಕಾಗಕ್ಕ ಗುಬ್ಬಕ್ಕ, ನರಿ, ಏಳು ಸಮುದ್ರದಾಚೆಯ ರಾಕ್ಷಸ, ಒಗಟು, ಜೋಗುಳ, ಅವರಿಗೆ ಬಂದದ್ದನ್ನು ಅವರ ಮಾತಿನಲ್ಲೇ ಹೇಳಲಿ. ಎ.ಕೆ. ರಾಮಾನುಜನ್ ಅವರು ಕನ್ನಡದ ಮನೆಗಳ ಇಂಥ ಕತೆಗಳನ್ನೇ ವರ್ಷಗಟ್ಟಲೆ ಕೂಡಿಹಾಕಿದರು. ಆ ಸಂಗ್ರಹ ಅವರು ತೀರಿಕೊಂಡ ಮೇಲೆ 1997ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ಮಕ್ಕಳು ಕೇಳಿ ಬರೆದುಕೊಳ್ಳಲಿ. ಕನ್ನಡ ಅಕ್ಷರ ಬಾರದವರು ಏನು ಮಾಡಬೇಕು? ಕನ್ನಡದ ಮಾತನ್ನು ತೆಲುಗು ಅಕ್ಷರದಲ್ಲೇ ಬರೆಯಲಿ. ಇದಕ್ಕೆ ಯಾರೂ ಮುಖ ಸಿಂಡರಿಸಬಾರದು. ಮಗು ತನ್ನ ಮನೆಮಾತನ್ನು ಮೊದಲ ಸಲ ಕಾಗದಕ್ಕೆ ಇಳಿಸುತ್ತಿದೆ, ಅದು ಮುಖ್ಯ. ಹಬ್ಬವಾದ ಮೇಲೆ ಕನ್ನಡ ಬಲ್ಲ ಶಿಕ್ಷಕರೊಬ್ಬರು ಅವನ್ನೆಲ್ಲ ಕನ್ನಡ ಲಿಪಿಗೆ ತಂದುಕೊಡಲಿ. ಮಗುವಿನ ಚಿತ್ರದ ಕೆಳಗೆ ಎರಡೂ ಲಿಪಿಯಲ್ಲಿ ಅದೇ ಕತೆ ಅಚ್ಚಾಗಲಿ.

ಫೋಟೊ ತೆಗೆದು ಎಲ್ಲೆಡೆ ಹಂಚುವ ಮುನ್ನ ತಂದೆತಾಯಿಯರನ್ನು ಕೇಳಿ. ಕುಡಿಯುವ ನೀರು, ನೆರಳು, ಹೆಣ್ಣುಮಕ್ಕಳಿಗೆ ಶೌಚಾಲಯ ಸರಿಯಿದೆಯೇ ಎಂದು ಹಿಂದಿನ ದಿನವೇ ನೋಡಿ. ಉಳಿದ ಸಣ್ಣಪುಟ್ಟದ್ದು ಊರಿನವರಿಗೆ ಗೊತ್ತೇ ಇರುತ್ತದೆ, ಜಾತ್ರೆ ಮಾಡಿದವರು ಅವರು.

ಹಣದ ಅಂದಾಜು ಹೇಳುವುದಾದರೆ, ನೂರೈವತ್ತು ಪುಸ್ತಕಕ್ಕೆ ಸರಾಸರಿ ಎಪ್ಪತ್ತು ರೂಪಾಯಿಯಂತೆ 10,500. ಜೋಡಿ ಪುಸ್ತಕಗಳ ಮುದ್ರಣ, ಕಾಗದ, ಬಣ್ಣಕ್ಕೆ 6,000. ಇಬ್ಬರು ಅತಿಥಿಗಳ ಪ್ರಯಾಣ, ಗೌರವಧನಕ್ಕೆ 12,000. ಕೃಷ್ಣಾ ಮಂಡಲದ ಮಕ್ಕಳ ವಾಹನಕ್ಕೆ 6,000. ಕೊನೆಗೆ ಮಕ್ಕಳ ಕತೆಪುಸ್ತಕದ ಅಚ್ಚಿಗೆ 5,000. ನಲವತ್ತು ಸಾವಿರದೊಳಗೆ ಆಗುತ್ತದೆ. ತೊಗಲುಗೊಂಬೆ ಮೇಳ ಕರೆಸುವುದಾದರೆ ಅದು ಬೇರೆ ಲೆಕ್ಕ. ಒಬ್ಬ ದಾನಿಯಿಂದ ಪೂರ್ತಿ ಪಡೆಯುವುದಕ್ಕಿಂತ ಮನೆಗೊಂದು ಪುಸ್ತಕದ ಬೆಲೆ ಕೇಳಿ. ಪುಸ್ತಕದ ಒಳಗೆ ಕೊಟ್ಟ ಮನೆಯವರ ಹೆಸರು ಬರೆದರೆ, ಆ ಮನೆಯ ಮಗು ಮೊದಲು ಅದನ್ನೇ ಹುಡುಕುತ್ತದೆ.

ಶನಿವಾರ ಸಂಜೆಯ ಮೇಲೆ

ಹಬ್ಬ ಮುಗಿದೊಡನೆ ಪುಸ್ತಕಗಳಿಗೆ ಬೀಗ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಕರ್ನಾಟಕದಲ್ಲಿ 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಬಾಗಿಲು ತೆರೆದವು. ರಾಜೋಳಿಯಲ್ಲಿ ಅದನ್ನು ಶಾಲೆಯ ಮಟ್ಟದಲ್ಲೇ ಮಾಡಬಹುದು. ಬೀಗವಿಲ್ಲದ ಎರಡು ತಗಡಿನ ಪೆಟ್ಟಿಗೆ, ಒಂದು ರಿಜಿಸ್ಟರು. ಏಳನೇ ತರಗತಿಯ ಇಬ್ಬರು ಮಕ್ಕಳು ಪ್ರತಿ ಶನಿವಾರ ಪುಸ್ತಕ ಕೊಟ್ಟು ಹಿಂದಕ್ಕೆ ಪಡೆಯಲಿ. ಮಗುವಿನ ಹೆಸರು, ಪುಸ್ತಕದ ಹೆಸರು, ಭಾಷೆ, ಇಷ್ಟೇ ಬರೆಯಬೇಕು. ದಂಡ ಬೇಡ, ನೂರೈವತ್ತರಲ್ಲಿ ಹತ್ತು ಕಳೆದರೆ ಅವು ಯಾವುದೋ ಮನೆಯಲ್ಲೇ ಇರುತ್ತವೆ.

ಮಕ್ಕಳು ಬರೆದ ಅಜ್ಜಿಯರ ಕತೆಯ ಪುಸ್ತಕವನ್ನು ಸಂಕ್ರಾಂತಿ ರಜೆಗೆ ಮೊದಲು ಅಚ್ಚು ಹಾಕಿಸಿ. ಕತೆ ಹೇಳಿದ ಅಜ್ಜಿ, ಬರೆದ ಮಗು, ಚಿತ್ರ ಬರೆದ ಮಗು ಮೂವರ ಹೆಸರೂ ಪ್ರತಿ ಕತೆಯ ತಲೆಯ ಮೇಲೆ ಬರಲಿ. ಒಂದೊಂದು ಪ್ರತಿ ಅಜ್ಜಿಯರ ಮನೆಗೆ, ಎರಡು ಶಾಲೆಗೆ, ಒಂದು ಜಿಲ್ಲಾ ಗ್ರಂಥಾಲಯ ಸಂಸ್ಥೆಗೆ, ಐದು ಕೃಷ್ಣಾ ಮಂಡಲದ ಕನ್ನಡ ಶಾಲೆಗಳಿಗೆ ಹೋಗಲಿ. ಜೂನ್‌ನಲ್ಲಿ ಶಾಲೆ ತೆರೆದಾಗ ಆ ರಿಜಿಸ್ಟರನ್ನು ಒಮ್ಮೆ ತೆರೆದು ನೋಡಿ. ಯಾವ ಪುಸ್ತಕ ಹೆಚ್ಚು ಕೈ ಬದಲಾಯಿಸಿದೆ, ಕನ್ನಡದ ಪ್ರತಿಗಳನ್ನು ಯಾರು ಕೇಳಿ ಒಯ್ದಿದ್ದಾರೆ ಎಂಬುದು ಅದರಲ್ಲಿರುತ್ತದೆ. ಮುಂದಿನ ನವೆಂಬರ್‌ಗೆ ಯಾವ ಪುಸ್ತಕ ಕೊಳ್ಳಬೇಕು, ಯಾವ ಲೇಖಕರಿಗೆ, ಚಿತ್ರಕಾರರಿಗೆ ಪತ್ರ ಬರೆಯಬೇಕು ಎಂಬ ಪಟ್ಟಿಯನ್ನು ಅಲ್ಲಿಂದಲೇ ಶುರುಮಾಡಿ.